ಮಗ್ಗದ ಗೋಡೆಯ ನೀಲಿ

ನನ್ನ ಕೈಚೀಲದಲ್ಲಿ, ಕನ್ನಡಕದ ಡಬ್ಬಿಯೊಳಗೆ, ಒಂದು ಸುಣ್ಣದ ಹಕ್ಕಳೆ ಇದೆ. ಅಂಗೈ ಅಗಲವೂ ಇಲ್ಲ. ಮೊಳಕಾಲ್ಮೂರಿನ ನಮ್ಮ ಮನೆಯ ಗೋಡೆಯಿಂದ ಹೋದ ವಾರ ಎದ್ದು ಬಂದದ್ದು. ಹಾಗಾದರೆ ಕನ್ನಡಕ ಎಲ್ಲಿಡುತ್ತೀ ಎಂದು ಕೇಳಬೇಡಿ, ಅದು ಈಗ ಮಲಗುವವರೆಗೂ ಮೂಗಿನ ಮೇಲೆಯೇ ಇರುತ್ತದೆ.

ತಮ್ಮ ಫೋನ್ ಮಾಡಿದ್ದ. ‘ಅಕ್ಕಾ, ಮನೆಗೆ ಬಣ್ಣ ಹೊಡೆಸ್ತಿದೀನಿ. ನೀನೇ ಬಂದು ಆರಿಸಿ ಹೋಗು. ಆಮೇಲೆ ಹಂಗಾತು ಹಿಂಗಾತು ಅನ್ಬೇಡ.’ ಚಳ್ಳಕೆರೆಯಿಂದ ಭಾನುವಾರ ಬೆಳಗಿನ ಬಸ್ಸು ಹಿಡಿದು ಹೋದೆ. ಟೋಪಿ ಹಾಕಿಕೊಂಡ ಇಬ್ಬರು ಪೇಂಟರುಗಳು ಗೋಡೆಗೆ ನೀರು ಚಿಮುಕಿಸಿ ಕಬ್ಬಿಣದ ಪಟ್ಟಿಯಿಂದ ಹಳೆಯದನ್ನೆಲ್ಲ ಕೆರೆಯುತ್ತಿದ್ದರು. ಅವರಲ್ಲಿ ಒಬ್ಬ ಬಣ್ಣದ ಪುಸ್ತಕ ನನ್ನ ಕೈಗಿಟ್ಟು, ‘ಇದು ಹೊಸಾದು ಮೇಡಂ, ವಾಸನೇನೇ ಬರಲ್ಲ’ ಎಂದ. ಹೊಸ ಬಣ್ಣದ್ದು ಬರದಿದ್ದರೇನು, ನೀರು ಕುಡಿದ ಹಳೇ ಸುಣ್ಣದ ವಾಸನೆ ಮನೆ ತುಂಬ ಎದ್ದಿತ್ತು. ತಣ್ಣಗಿನ, ಮೂಗಿನ ತುದಿಯಲ್ಲಿ ಚುರುಕ್ ಎನ್ನುವ ವಾಸನೆ. ಆ ವಾಸನೆಯ ಹಿಂದೆಯೇ ಅವರು ಬಂದರು...

ನಾವು ಅವರನ್ನು ಸುಣ್ಣದ ಮಾವ ಎನ್ನುತ್ತಿದ್ದೆವು. ಸಂಬಂಧಿಕರೇನಲ್ಲ. ನಮ್ಮದು ತೆಲುಗು ಮಾತಾಡುವ ನೇಕಾರರ ಮನೆ, ಅವರದು ನನ್ನಿವಾಳದ ಕಡೆಯ ದನ ಕಾಯುವ ಮನೆತನ. ಚಿಕ್ಕಂದಿನಲ್ಲಿ ದನಗಳ ಹಿಂದೆ ಹುಲ್ಲಿನ ಕಾವಲುಗಳಲ್ಲಿ ಅಲೆದವರು, ಆಮೇಲೆ ಚಳ್ಳಕೆರೆಯಲ್ಲಿ ಯಾರದೋ ಕೈಕೆಳಗೆ ಕುಂಚ ಹಿಡಿಯುವುದನ್ನು ಕಲಿತರಂತೆ. ದೀಪಾವಳಿಗೆ ಮುಂಚೆ ಒಂದು ಸಲ, ಯುಗಾದಿಗೆ ಮುಂಚೆ ಒಂದು ಸಲ, ಹೆಗಲಿಗೆ ಚೀಲ ಹಾಕಿಕೊಂಡು ನಮ್ಮ ಬೀದಿಗೆ ಬಂದರೆ ಹತ್ತು ಹದಿನೈದು ದಿನ ಇಲ್ಲೇ. ಒಂದೊಂದು ಮನೆ ಮುಗಿಸುತ್ತ ಮುಂದಕ್ಕೆ ಹೋಗುವುದು.

ಅವರ ಬಣ್ಣಗಳಿಗೆಲ್ಲ ದನದ ಹೆಸರು. ಕೆಂಪಿಗೆ ಕೆಂದ, ಕಂದುಹಳದಿಗೆ ಕಪಿಲೆ, ಇನ್ನು ಬೂದ, ಕರಿಯ. ‘ಹೊರಗಿನ ಗೋಡೆಗೆ ಕಪಿಲೆ ಇರ್ಲಿ, ಕೆಳಗೆ ಮೊಣಕಾಲುದ್ದ ಕೆಂದ ಪಟ್ಟಿ ಬಿಡಾನ’ ಎನ್ನುವರು. ಬೇರೆಯವರು ಬಳಿದ ಗೋಡೆ ಅಲ್ಲಲ್ಲಿ ಮಾಸಿ ಕಂಡರೆ ‘ಹಂಡ ಆಗೈತೆ’ ಎಂದು, ಮಚ್ಚೆಮಚ್ಚೆ ದನ ಕಂಡವರ ಹಾಗೆ ಮುಖ ತಿರುಗಿಸುವರು. ನಮ್ಮ ಅಮ್ಮನಿಗೆ ಬಣ್ಣವೆಂದರೆ ರೇಷ್ಮೆಯ ಬಣ್ಣ. ಸಂಪಿಗೆ, ಮಾವಿನ ತಳಿರು, ನವಿಲುಕಂಠ. ಒಂದು ಸಲ ಕಿಟಕಿಗೆ ನವಿಲುಕಂಠ ಹೊಡೆಯಿರಿ ಎಂದು ಅಮ್ಮ ಹೇಳಿದಾಗ ಮಾವ ಬಹಳ ಹೊತ್ತು ಯೋಚನೆ ಮಾಡಿ, ‘ನವಿಲುಕಂಠದ ಎತ್ತು ನಾನು ಕಂಡಿಲ್ಲ ತಾಯಿ, ಎಂಗೆ ಬಳೀಲಿ?’ ಎಂದರು. ಅಮ್ಮ ಸೀರೆ ತಂದು ತೋರಿಸಿದಳು. ಮಾರನೆಯ ದಿನ ಕಿಟಕಿಯ ಪಕ್ಕದಲ್ಲಿ ಸೀರೆ ಹಿಡಿದರೆ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ.

ಅವರ ಇನ್ನೊಂದು ಪದ್ಧತಿ ಇಡೀ ಬೀದಿಗೆ ನಗೆಪಾಟಲಾಗಿತ್ತು. ಕುಂಚ ಅದ್ದುವ ಮೊದಲು ಮನೆಯೊಳಗೆ ಅಲ್ಲಲ್ಲಿ ಕೂತು ಬರುತ್ತಿದ್ದರು. ಒಲೆಯ ಮುಂದೆ ಸ್ವಲ್ಪ ಹೊತ್ತು, ಪಡಸಾಲೆಯ ಕಂಬಕ್ಕೆ ಒರಗಿ ಸ್ವಲ್ಪ ಹೊತ್ತು, ಕೊನೆಗೆ ಮಗ್ಗದ ಮನೆಯಲ್ಲಿ. ನಮ್ಮದು ಗುಂಡಿಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಬಿಟ್ಟುಕೊಂಡು ಅಂಚಿನ ಮೇಲೆ ಕೂತು ನೇಯಬೇಕು. ಮಾವ ಅಪ್ಪಣೆ ಕೇಳಿ, ಮಗ್ಗಕ್ಕೆ ಕೈಮುಗಿದು, ಅಪ್ಪ ಕೂರುವ ಜಾಗದಲ್ಲೇ ಕೂತು ಎದುರಿನ ಗೋಡೆಯನ್ನು ನೋಡುತ್ತಿದ್ದರು. ಬೀಡಿ ಇಲ್ಲ, ಮಾತಿಲ್ಲ. ‘ಕೂಲಿಗೆ ಬಂದೋನು ಕೂತ್ಕೊಂಡಿದಾನೆ ನೋಡ್ರೇ’ ಎಂದು ಪಕ್ಕದ ಮನೆಯ ಪೆದ್ದಮ್ಮ ಗೋಡೆಯಾಚೆಯಿಂದ ಚುಚ್ಚುವಳು. ಮಾವ ಎದ್ದು ಮೈ ಕೊಡವಿಕೊಂಡು ಹೇಳುತ್ತಿದ್ದರು: ‘ನಾನು ನಿಂತ್ಕಂಡು ಬಳ್ದು ಹೋಗೋನು ಕಣವ್ವ. ನೀವು ದಿನಾ ಕೂತ್ಕಂಡು ನೋಡೋರು. ನೀವು ಕೂತು ನೋಡೋ ಜಾಗದಾಗೆ ನಾನೂ ಒಂದ್ ಗಳಿಗೆ ಕೂರಬ್ಯಾಡ್ವಾ?’

ಪೆದ್ದಮ್ಮ ನಮ್ಮ ಸ್ವಂತ ದೊಡ್ಡಮ್ಮನೇನಲ್ಲ. ಬೀದಿಗೆಲ್ಲ ಅವಳು ಪೆದ್ದಮ್ಮ. ಬಾಯಿ ಜೋರು. ಆದರೆ ಮಗ್ಗದ ಮನೆಗೆ ಸುಣ್ಣ ಬಳಿಸುವ ಮಾತು ಬಂದರೆ ಅವಳೂ ಸುಣ್ಣದ ಮಾವನೇ ಆಗಬೇಕು ಎನ್ನುತ್ತಿದ್ದಳು. ಅದಕ್ಕೆ ಕಾರಣವಿತ್ತು. ಒಂದು ಹನಿ ಸುಣ್ಣ ರೇಷ್ಮೆಯ ಮೇಲೆ ಬಿದ್ದರೆ ಆ ಜಾಗ ಸುಟ್ಟು ಎಳೆ ಕಿತ್ತು ಬರುತ್ತದೆ. ಮಗ್ಗಕ್ಕೆ ಹೂಡಿದ ಹಾಸನ್ನು, ಅಂದರೆ ಉದ್ದೆಳೆಗಳನ್ನು, ಸುಣ್ಣಕ್ಕಾಗಿ ಬಿಚ್ಚಿ ಪಕ್ಕಕ್ಕಿಡಲು ಬರುವುದಿಲ್ಲ. ಬೇರೆ ಬಣ್ಣ ಬಳಿಯುವವರು ‘ಹಾಸು ಮುಗೀಲಿ, ಬರ್ತೀವಿ’ ಎಂದು ಹೋಗಿಬಿಡುತ್ತಿದ್ದರು. ಮಾವ ಮಾತ್ರ ಹಾಸಿನ ಮೇಲೆ ಎರಡು ಪಂಚೆ ಹೊದಿಸಿ, ಕತ್ತಾಳೆ ನಾರಿನ ಕುಂಚವನ್ನು ಹಿಂಡಿ ಹಿಂಡಿ, ಎಡಗೈಯಲ್ಲಿ ಅದರ ಕೆಳಗೊಂದು ತೆಂಗಿನ ಚಿಪ್ಪು ಹಿಡಿದು ಬಳಿಯುತ್ತಿದ್ದರು. ಕುಂಚ ಹೋದಲ್ಲೆಲ್ಲ ಚಿಪ್ಪೂ ಹೋಗಬೇಕು. ಏಣಿಯಿಂದ ಇಳಿದ ಮೇಲೆ ಪಂಚೆ ತೆಗೆದು ಅಮ್ಮನ ಕೈಗೆ ಕೊಡುವರು. ಅಮ್ಮ ಅದನ್ನು ಬೆಳಕಿಗೆ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡುವಳು. ಒಂದು ಚುಕ್ಕೆ ಇರುತ್ತಿರಲಿಲ್ಲ. ಆಗ ಮಾವನ ಮುಖ ನೋಡಬೇಕು, ಪರೀಕ್ಷೆ ಪಾಸಾದವರ ಹಾಗೆ.

ಸುಣ್ಣವನ್ನೂ ಅಷ್ಟೇ ಮುತುವರ್ಜಿಯಿಂದ ಕಲಸುತ್ತಿದ್ದರು. ಹಿಂದಿನ ದಿನವೇ ಹಂಡೆಯಲ್ಲಿ ಸುಣ್ಣದ ಕಲ್ಲು ಅರಳಿಸಿ, ಹಳೇ ಸೀರೆಯಲ್ಲಿ ಸೋಸಿ, ಜಾಲಿಮರದ ಅಂಟು ಕರಗಿಸಿ ಹಾಕುವರು. ಪಡಸಾಲೆಗೆ, ಅಡುಗೆಮನೆಗೆ ಮಾತ್ರ ಬಟ್ಟೆಗೆ ಹಾಕುವ ನೀಲಿಯನ್ನು ಚಿಂದಿಯಲ್ಲಿ ಗಂಟು ಕಟ್ಟಿ ಸುಣ್ಣದೊಳಗೆ ಅದ್ದಿ ತೆಗೆಯುವರು. ಸುಣ್ಣ ಬೆಳ್ಳಗೆ ಹೊಳೆಯಲಿ ಎಂದು. ಆಮೇಲೆ ಸ್ಲೇಟಿನ ಚೂರಿಗೆ ಒಂದು ಗೆರೆ ಎಳೆದು ಬಿಸಿಲಿಗಿಟ್ಟು ಒಣಗುವುದನ್ನೇ ಕಾಯುತ್ತ ಕೂರುವರು. ‘ಹಸೀದು ಒಂದು ಹೇಳ್ತೈತೆ, ಒಣಗಿದ್ ಮ್ಯಾಲೆ ಇನ್ನೊಂದು ಹೇಳ್ತೈತೆ’ ಎಂದು ನಗುವರು.

ಆ ವರ್ಷ ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ದೀಪಾವಳಿಗೆ ಮಾವ ಒಳಗೆಲ್ಲ ಸುಣ್ಣ ಬಳಿದು ಹೋಗಿದ್ದರು. ಹೊರಗೋಡೆ ಮತ್ತು ಬಾಗಿಲುಗಳು ಯುಗಾದಿಗೆ ಎಂದು ಉಳಿದಿದ್ದವು. ಯುಗಾದಿ ಹತ್ತಿರ ಬಂದಾಗ ಬಂದರು. ತಲೆಬಾಗಿಲನ್ನು ಉಜ್ಜಿ ಉಜ್ಜಿ ಮರದ ಮೈ ಕಾಣಿಸುವಂತೆ ಮಾಡಿ, ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿ ಒಂದು ಹಲಗೆ ಚೂರಿಗೆ ಎರಡು ಪಟ್ಟೆ ಎಳೆದರು. ಒಂದು ಕಪಿಲೆ, ಒಂದು ಕೆಂದ. ಅದನ್ನು ಮಗ್ಗದ ಮುಂದೆ ಕೂತಿದ್ದ ಅಪ್ಪನಿಗೆ ತೋರಿಸಿ, ‘ಯಾವುದು ಅಣ್ಣಾರೆ?’ ಎಂದು ಕೇಳಿದರು.

ನಾವು ಅಪ್ಪನನ್ನು ನಾಯನ ಎನ್ನುತ್ತಿದ್ದೆವು. ನಾಯನ ಹಲಗೆ ನೋಡಿ, ‘ರೆಂಡೂ ಒಕಟೇ ಕದಯ್ಯಾ’ ಎಂದ. ಎರಡೂ ಒಂದೇ ಅಲ್ಲವೇನಯ್ಯಾ, ಎಂದು. ಮಾವ ಹಲಗೆಯನ್ನು ನೋಡಲಿಲ್ಲ, ನಾಯನನ ಕಣ್ಣನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ‘ಹೂಂ, ಕಪಿಲೇನೇ ಬಳೀತೀನಿ ಬಿಡ್ರಿ’ ಎಂದು ಎದ್ದು ಹೋದರು. ನಾನು ಅಲ್ಲೇ ಕೂತು ಕಂಡಿಕೆ ಸುತ್ತುತ್ತಿದ್ದೆ. ಲಾಳಿಯೊಳಗಿಡುವ ನೂಲಿನ ಉರುಳೆಗೆ ಕಂಡಿಕೆ ಎನ್ನುತ್ತಾರೆ. ನಾಯನಿಗೆ ಬಾಗಿಲಿನ ಮೇಲೆ ಅಷ್ಟು ಆಸಕ್ತಿ ಇಲ್ಲ ಎಂದುಕೊಂಡು ನನ್ನ ಪಾಡಿಗೆ ಸುತ್ತಿದೆ.

ಎರಡು ದಿನ ಬಿಟ್ಟು ಸಾಹುಕಾರರು ಬಂದರು. ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವವರು. ನಮ್ಮ ಮಗ್ಗ ನಡೆಯುತ್ತಿದ್ದದ್ದು ಅವರ ನೂಲಿನಿಂದಲೇ. ಆ ಸಲದ್ದು ಸಂಪಿಗೆ ಬಣ್ಣದ ಸೀರೆ, ಯಾರದೋ ಮದುವೆಯ ಧಾರೆಗೆ ಎಂದು ಹೇಳಿ ನೇಯಿಸಿದ್ದು. ಮೈಗೆ ತಿಳಿ ಸಂಪಿಗೆ, ಸೆರಗಿಗೆ ಒಂದು ಚೂರು ಗಾಢ. ಎರಡರ ಕಂಡಿಕೆಗಳನ್ನೂ ನಾನೇ ಸುತ್ತಿ ಎರಡು ಮೊರಗಳಲ್ಲಿ ಬೇರೆಬೇರೆ ಇಟ್ಟಿದ್ದೆ. ನೇಯ್ದಷ್ಟೂ ಸೀರೆ ಮಗ್ಗದಲ್ಲೇ ಸುತ್ತಿಕೊಂಡು ಹೋಗುವುದರಿಂದ ಪೂರ್ತಿ ಬಿಚ್ಚುವವರೆಗೂ ಯಾರಿಗೂ ಕಾಣುವುದಿಲ್ಲ. ಸಾಹುಕಾರರು ಮಗ್ಗದ ಮನೆಯಲ್ಲೇ ಚಾಪೆಯ ಮೇಲೆ ಬಿಚ್ಚಿ ಹರವಿದರು. ನಟ್ಟನಡು ಮೈಯಲ್ಲಿ, ನಾಲ್ಕು ಬೆರಳು ಅಗಲ, ಗಾಢ ಸಂಪಿಗೆಯ ಪಟ್ಟೆ ಬಿದ್ದಿತ್ತು.

ಬಾಗಿಲಲ್ಲಿ ಇಣುಕುತ್ತಿದ್ದ ಪೆದ್ದಮ್ಮ ಒಂದು ಹೆಜ್ಜೆ ಒಳಗೆ ಬಂದಳು.

‘ಏನ್ರೀ ಇದು?’ ಎಂದರು ಸಾಹುಕಾರರು. ‘ಇಷ್ಟು ವರ್ಷ ಮಗ್ಗದಾಗೆ ಕುಂತೋರು ನೀವು. ಹೊಸಬ್ರೂ ಇಂಥ ಕೆಲ್ಸ ಮಾಡಲ್ಲ. ಕಣ್ಣು ಸರಿ ಐತಾ ನಿಮ್ದು?’

ಆ ಕೊನೆಯ ಮಾತೇ ಕುತ್ತಿಗೆಗೆ ಬಂದದ್ದು. ಕಣ್ಣು ಸರಿಯಿಲ್ಲ ಎಂಬ ಮಾತು ಒಮ್ಮೆ ಬೀದಿಗೆ ಬಿದ್ದರೆ ಆ ನೇಕಾರನ ಕೈಗೆ ಯಾವ ಸಾಹುಕಾರನೂ ರೇಷ್ಮೆ ಕೊಡುವುದಿಲ್ಲ. ನಾಯನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಬೇರೆ ಹೆಮ್ಮೆಯೂ ಇರಲಿಲ್ಲ. ಆತ ತಲೆ ತಗ್ಗಿಸಿ ಪಟ್ಟೆಯನ್ನು ಬೆರಳಿನಿಂದ ಸವರುತ್ತಿದ್ದ, ಮುಟ್ಟಿದರೆ ಬಣ್ಣ ತಿಳಿಯುತ್ತದೇನೋ ಎಂಬಂತೆ. ಸಾಹುಕಾರರು ನನ್ನ ಕಡೆ ತಿರುಗಿ, ‘ಕಂಡಿಕೆ ಸುತ್ತಿದ್ದು ಯಾರು? ನೀನೇನಮ್ಮ ಬೆರೆಸಿಬಿಟ್ಟಿದ್ದು?’ ಎಂದರು. ನನಗೆ ಕೋಪ ನೆತ್ತಿಗೇರಿತು. ನಾನು ಬೇರೆಬೇರೆ ಇಟ್ಟು, ಹೇಳಿ ಕಾಲೇಜಿಗೆ ಹೋಗಿದ್ದೆ. ‘ಇಲ್ಲ, ನಾನು ಬೇರೆಯೇ ಇಟ್ಟಿದ್ದೆ’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ ನಾನು ಉಳಿಯುತ್ತಿದ್ದೆ, ನಾಯನ ಉಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಬಾಗಿಲಿನ ಹತ್ತಿರದಿಂದ, ‘ಸಾವ್ಕಾರ್ರೇ, ತಪ್ಪು ನಂದು’ ಎಂದರು ಮಾವ.

ಕೈಯೆಲ್ಲ ಬಾಗಿಲಿನ ಕಪಿಲೆ ಬಣ್ಣ. ಎಣ್ಣೆಯ ಚಿಂದಿ ಹಾಗೇ ಹಿಡಿದುಕೊಂಡು ಒಳಗೆ ಬಂದರು. ‘ದೀವಳಿಗೇಲಿ ಈ ಗೋಡೆಗೆ ನೀಲಿ ಜಾಸ್ತಿ ಬಿತ್ತು. ನೋಡ್ರಿ, ಕಿಟಕಿ ಬೆಳಕು ಬಂದು ಆ ಗೋಡೆಗೆ ಬಡ್ದು ಮಗ್ಗದ ಮ್ಯಾಲೆ ಬೀಳ್ತೈತೆ. ನೀಲಿ ಬೆಳಕಿನಾಗೆ ಹಳದಿ ಎಲ್ಲಾ ಒಂದೇ ಥರ ಕಾಣ್ತೈತೆ. ಯಾರು ಕುಂತು ನೇಯ್ದಿದ್ರೂ ಹಿಂಗೇ ಆಗ್ತಿತ್ತು. ಅಣ್ಣಾರ್ದು ತಪ್ಪಿಲ್ಲ, ಈ ಹುಡುಗೀದೂ ತಪ್ಪಿಲ್ಲ.’

ಎಲ್ಲರೂ ಗೋಡೆ ನೋಡಿದೆವು. ದೇವರಾಣೆಗೂ ಹೇಳುತ್ತೇನೆ, ಆ ಗಳಿಗೆಯಲ್ಲಿ ಗೋಡೆ ನನಗೆ ನೀಲಿಯಾಗಿಯೇ ಕಂಡಿತು. ‘ಹೌದ್ರೀ, ನಾನು ಆವತ್ತೇ ಅಂದ್ಕೊಂಡೆ!’ ಎಂದಳು ಪೆದ್ದಮ್ಮ. ಬಣ್ಣದ ವಿಷಯದಲ್ಲಿ ಸುಣ್ಣದ ಮಾವ ಹೇಳಿದ ಮೇಲೆ ಎದುರು ಮಾತಾಡುವವರು ಯಾರಿದ್ದರು? ಸಾಹುಕಾರರು ನಾಯನಿಗೆ ಹಾಕಬೇಕಾದ ಬೈಗುಳವನ್ನೆಲ್ಲ ಮಾವನ ಮೇಲೆ ಹಾಕಿದರು. ಕುಂಚ ಹಿಡಿಯೋದು ಬಿಟ್ಟು ಮತ್ತೆ ದನ ಕಾಯೋಕೆ ಹೋಗು ಎಂದರು. ಮಾವ ‘ತಪ್ಪಾತು’ ಎಂದಷ್ಟೇ ಹೇಳುತ್ತ ನಿಂತಿದ್ದರು. ಹೋಗುವಾಗ ಸಾಹುಕಾರರು ನಾಯನಿಗೆ, ‘ಮೊದ್ಲು ಗೋಡೆ ಸರಿ ಮಾಡಿಸ್ರಿ. ಆಮೇಲೆ ಹೊಸ ಹಾಸು ಕಳಿಸ್ತೀನಿ’ ಎಂದರು. ನಮ್ಮ ಮಗ್ಗ ಉಳಿಯಿತು.

ಮಾವ ಒಂದು ದಿನವೂ ತಡ ಮಾಡಲಿಲ್ಲ. ಬಾಗಿಲನ್ನು ಅರ್ಧಕ್ಕೇ ಬಿಟ್ಟು ಆ ಮಧ್ಯಾಹ್ನವೇ ಮಗ್ಗದ ಗೋಡೆಗೆ ಮತ್ತೆ ಸುಣ್ಣ ಬಳಿದರು. ಈ ಸಲ ಒಂದು ಹಿಡಿ ಹಳದಿ ಮಣ್ಣು ಬೆರೆಸಿದ್ದರು. ಒಣಗಿದ ಮೇಲೆ ಗೋಡೆ ಗಿಣ್ಣಿನ ಹಾಗೆ ತೆಳು ಹಳದಿಯಾಗಿ ಕಂಡಿತು. ಮರುದಿನ ‘ಸುಣ್ಣದ ಕಲ್ಲು ತರ್ಬೇಕು, ಜೊತೆಗೆ ಬರ್ರಿ ಅಣ್ಣಾರೆ’ ಎಂದು ನಾಯನನ್ನು ಚಳ್ಳಕೆರೆಗೆ ಕರೆದುಕೊಂಡು ಹೋದರು. ಸಂಜೆ ಇಬ್ಬರೂ ಸುಣ್ಣದ ಕಲ್ಲಿಲ್ಲದೆ ಬರಿಗೈಯಲ್ಲಿ ಬಂದರು. ಕೆಲವು ತಿಂಗಳ ಮೇಲೆ ನಾಯನ ದುರ್ಗದ ಆಸ್ಪತ್ರೆಗೆ ಹೋಗಿ ಕಣ್ಣಿನ ಪೊರೆ ತೆಗೆಸಿಕೊಂಡು ಬಂದ. ವಯಸ್ಸಾಯಿತಲ್ಲ, ಎಲ್ಲರಿಗೂ ಬರುತ್ತದೆ ಎಂದ. ಅದನ್ನೂ ಇದನ್ನೂ ಗಂಟು ಹಾಕುವ ಬುದ್ಧಿ ನನಗೆ ಬರಲಿಲ್ಲ. ಓದಿನಲ್ಲಿ ನಾನೇ ಬೀದಿಗೆ ಮೊದಲು ಎಂದು ಬೀಗುತ್ತಿದ್ದವಳು ನಾನು!

ಆಮೇಲೆ ಅವರು ಸುಣ್ಣದ ಮಾವನಾಗಿ ಉಳಿಯಲಿಲ್ಲ. ನೀಲಿ ಮಾವ ಆದರು. ಹೆಸರಿಟ್ಟವಳು ಪೆದ್ದಮ್ಮ, ಬೀದಿಯುದ್ದಕ್ಕೂ ಹಂಚಿದವಳು ನಾನು. ಚೀಲ ಹಾಕಿಕೊಂಡು ಬೀದಿಯ ತುದಿಯಲ್ಲಿ ಕಂಡರೆ ಸಾಕು, ‘ನೀಲಿ ಮಾವಾ, ನೀಲಿ ಮನೇಲಿಟ್ಟು ಬಂದಿದೀರಾ?’ ಎಂದು ಕೂಗುವೆವು. ಅವರು ನಿಂತು, ಚೀಲ ಬಿಚ್ಚಿ, ‘ನೋಡ್ರವ್ವ, ಹುಡುಕ್ರಿ’ ಎಂದು ನಗುವರು. ನಗುವುದರ ಜೊತೆಗೆ ಇನ್ನೊಂದೂ ಆಯಿತು. ಒಬ್ಬೊಬ್ಬರಾಗಿ ಮಗ್ಗದ ಮನೆಗೆ ಅವರನ್ನು ಕರೆಯುವುದು ಬಿಟ್ಟರು. ‘ಹೊರಗೋಡೆ ನೀವೇ ಬಳೀರಿ, ಮಗ್ಗದ ಮನೆಗೆ ಬೇರೆಯೋರಿಗೆ ಹೇಳಿದೀವಿ’ ಎಂದರು. ಹಾಸಿನ ಮೇಲೆ ಒಂದು ಹನಿ ಬೀಳದಂತೆ ಬಳಿಯುವ ಕೈ, ಆಮೇಲಿನ ವರ್ಷಗಳಲ್ಲಿ ಬೀದಿಯ ಕಡೆಯ ಗೋಡೆಗಳಿಗೆ, ಬಚ್ಚಲುಮನೆಗಳಿಗೆ ಸುಣ್ಣ ಬಳಿಯಿತು. ಆ ತೆಂಗಿನ ಚಿಪ್ಪು ಮಾತ್ರ ಚೀಲದಲ್ಲೇ ಇರುತ್ತಿತ್ತು.

ಅವರನ್ನು ಮಗ್ಗದ ಮನೆಗೆ ಕೊನೆಯವರೆಗೂ ಕರೆದವನು ನಾಯನ ಒಬ್ಬನೇ. ನಾಯನ ಯಾವತ್ತೂ ನೀಲಿ ಮಾವ ಎನ್ನಲಿಲ್ಲ. ನಾವು ಅಂದರೆ ರೇಗಿ ಎದ್ದು ಹೋಗುತ್ತಿದ್ದ. ಸೀರೆ ಮುಗಿಯುವ ಹೊತ್ತಿಗೆ ಮಾವ ಊರಿನಲ್ಲಿದ್ದರೆ, ಸಾಹುಕಾರರಿಗೂ ಮೊದಲು ಅವರಿಗೆ ಹರವಿ ತೋರಿಸುತ್ತಿದ್ದ. ಮಾವ ಬೆರಳು ತಾಗಿಸದೆ ಬಗ್ಗಿ ನೋಡಿ, ‘ಎಲ್ಲಾ ಒಂದೇ ಬಣ್ಣ ಐತೆ ಅಣ್ಣಾರೆ’ ಎನ್ನುವರು. ಇಬ್ಬರೂ ಚಹಾ ಕುಡಿಯುವರು. ಅವರ ನಡುವೆ ಆವತ್ತು ಚಳ್ಳಕೆರೆಯ ದಾರಿಯಲ್ಲಿ ಏನು ಮಾತಾಯಿತೋ, ನಾಯನ ನಿಜ ಹೇಳುತ್ತೇನೆಂದು ಹೊರಟು ಇವರೇ ತಡೆದರೋ... ಈಗ ಹೇಳಲು ಇಬ್ಬರೂ ಇಲ್ಲ. ಮಾವ ನನ್ನಿವಾಳದಲ್ಲಿ ತೀರಿಕೊಂಡ ಸುದ್ದಿ ಬಂದಾಗ ನಾಯನ ಮಗ್ಗ ನಿಲ್ಲಿಸಿ ಹೋಗಿ ಬಂದ. ನಾನು ಚಳ್ಳಕೆರೆಯಲ್ಲೇ ಟೀಚರಾಗಿದ್ದೆ, ಆಟೋ ಹಿಡಿದರೆ ತಲುಪುವಷ್ಟು ಹತ್ತಿರ. ಶಾಲೆಯಲ್ಲಿ ಪರೀಕ್ಷೆ ಇತ್ತು, ಹೋಗಲಿಲ್ಲ. ಅದು ನೆನೆದರೆ ಈಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹೋದ ಭಾನುವಾರ ಪಡಸಾಲೆ ಕೆರೆಯುವಾಗ ಗೋಡೆಯಿಂದ ದೊಡ್ಡ ದೊಡ್ಡ ಹಕ್ಕಳೆ ಏಳುತ್ತಿದ್ದವು. ವರ್ಷಕ್ಕೊಂದು ಪದರ. ಒಂದನ್ನೆತ್ತಿ ಅಡ್ಡ ಹಿಡಿದು ನೋಡಿದೆ. ಎಷ್ಟೋ ಪದರಗಳಲ್ಲಿ ಮಾವ ಅದ್ದಿದ ನೀಲಿ ಹಾಗೇ ಉಳಿದಿತ್ತು, ತಿಳಿಯಾಗಿ, ಮಾಸದೆ. ತಮಾಷೆ ಅನ್ನಿಸಿತು. ಹಾಗಾದರೆ ಆ ಹೆಸರುವಾಸಿ ನೀಲಿಯನ್ನು ನೋಡಿಯೇಬಿಡೋಣ ಎಂದು ಮಗ್ಗದ ಮನೆಗೆ ಹೋದೆ. ಮಗ್ಗ ಹೋಗಿ, ಗುಂಡಿ ಮುಚ್ಚಿ, ಎಷ್ಟೋ ವರ್ಷ. ಎದುರಿನ ಗೋಡೆಯಿಂದ ಒಂದು ಹಕ್ಕಳೆ ಎಬ್ಬಿಸಿಕೊಟ್ಟ, ಬಣ್ಣದ ಪುಸ್ತಕ ಕೊಟ್ಟಿದ್ದ ಪೇಂಟರು. ಹಳದಿ ಮಣ್ಣಿನ ಪದರ ಸುಲಭವಾಗಿ ಸಿಕ್ಕಿತು, ಗಿಣ್ಣಿನ ಬಣ್ಣದ್ದು. ಅದರ ಕೆಳಗಿನದೇ ದೀಪಾವಳಿಯ ಪದರ. ಉಗುರಿನಿಂದ ಎಬ್ಬಿಸಿದೆ. ಕಿಟಕಿಗೆ ಹಿಡಿದೆ, ಕನ್ನಡಕ ತೆಗೆದು ನೋಡಿದೆ, ಹಾಕಿ ನೋಡಿದೆ. ಪಡಸಾಲೆಯ ಹಕ್ಕಳೆಯ ಪಕ್ಕ ಇಟ್ಟು ನೋಡಿದೆ.

‘ಇದರಲ್ಲಿ ನೀಲಿ ಇದೆಯೇನಪ್ಪ?’ ಎಂದು ಅವನನ್ನೇ ಕೇಳಿದೆ.

‘ಎಲ್ಲೈತೆ ಮೇಡಂ, ಬರೀ ಸುಣ್ಣ. ಹಾಲಿನಂಗೈತೆ.’

ಅದರ ಕೆಳಗಿನ ಪದರವೂ ಬಿಳಿ. ಅದರ ಕೆಳಗಿನದೂ ಬಿಳಿ. ನಾಯನ ಕೂರುವ ಜಾಗದಲ್ಲಿ ಪ್ರತಿ ವರ್ಷ ಕೂತು ನೋಡಿದ ಮನುಷ್ಯ, ಆ ಗೋಡೆಗೆ ಒಂದು ಸಲವೂ ನೀಲಿ ಸೋಕಿಸಿರಲಿಲ್ಲ. ಹಲಗೆಯ ಎರಡು ಪಟ್ಟೆ, ಚಳ್ಳಕೆರೆಯ ದಾರಿ, ದುರ್ಗದ ಆಸ್ಪತ್ರೆ ಎಲ್ಲ ಒಟ್ಟಿಗೆ ಬಂದು ನಿಂತವು. ನಾನು ಆ ಮುಚ್ಚಿದ ಗುಂಡಿಯ ಮೇಲೆ ಕೂತು ಅತ್ತೆ. ಪೇಂಟರುಗಳು ಏನೋ ಆಯಿತೆಂದು ಕೆಲಸ ನಿಲ್ಲಿಸಿದರು.

ಗದ್ದಲ ನಿಂತದ್ದು ಕಂಡು ಪೆದ್ದಮ್ಮ ಕೋಲೂರಿಕೊಂಡು ಬಾಗಿಲಿಗೆ ಬಂದಳು. ಈಗಲೂ ಬಾಯಿ ಜೋರೇ. ‘ಏನೇ, ಟೀಚರಮ್ಮ ನೆಲದ ಮೇಲೆ ಕೂತಿದೀಯಾ, ನಮ್ಮ ನೀಲಿ ಮಾವನ ಥರ!’ ಎಂದು ನಕ್ಕಳು.

ಆವತ್ತು ನಾಲಿಗೆಯ ತುದಿಗೆ ಬಂದು ನಿಂತಿದ್ದ ಮಾತು ಈಗ ಮತ್ತೆ ಬಂತು. ಹೇಳಿದರೆ ನಾಯನನ ಹೆಸರು ಹೋಗುತ್ತದೆ. ಹೇಳದಿದ್ದರೆ ಮಾವನ ಹೆಸರು ನೀಲಿಯಾಗಿಯೇ ಉಳಿಯುತ್ತದೆ. ನಾಯನ ಇದ್ದಿದ್ದರೆ ಏನು ಮಾಡು ಎನ್ನುತ್ತಿದ್ದನೆಂದು ಯೋಚಿಸಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಕ್ಕಳೆಯನ್ನು ಅವಳ ಅಂಗೈಯಲ್ಲಿಟ್ಟೆ.

‘ಅವರು ನೀಲಿ ಹಾಕಿರಲಿಲ್ಲ ಪೆದ್ದಮ್ಮ. ನಾಯನಿಗೆ ಕಣ್ಣು ಕಾಣ್ತಿರಲಿಲ್ಲ.’

ಪೆದ್ದಮ್ಮ ಹಕ್ಕಳೆಯನ್ನು ಮುಖದ ಹತ್ತಿರ ತಂದು ತಿರುಗಿಸಿ ನೋಡಿದಳು. ಉಗುರಿನಿಂದ ಕೆರೆದಳು, ಅದರ ಒಂದು ಮೂಲೆ ಉದುರಿತು. ‘ಆಮೇಲೆ ನಮ್ಮ ಮಗ್ಗದ ಮನೆಯೊಳಗೆ ಅವನನ್ನ ನಾನು ಬಿಟ್ಕೊಳ್ಳಲೇ ಇಲ್ವಲ್ಲೇ...’ ಎಂದಳು. ಹಕ್ಕಳೆಯನ್ನು ನನ್ನ ಕೈಗೆ ಕೊಟ್ಟು, ಚಪ್ಪಲಿ ಬಾಗಿಲಲ್ಲೇ ಬಿಟ್ಟಿದ್ದನ್ನೂ ಮರೆತು, ಬರಿಗಾಲಲ್ಲಿ ಮನೆಗೆ ಹೋದಳು.